ಅಳತೆಗೋಲು ಯಾರ ಕೈಯಲ್ಲಿ? ಕ್ರೀಡಾ ವಿಜ್ಞಾನ ವಿಶ್ವವಿದ್ಯಾಲಯದಲ್ಲಿ ಯಾಕಿರಬೇಕು

2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಕೋಣಗಳ ಜೊತೆ 142.5 ಮೀಟರ್ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಯಾರೋ ತ್ರೈರಾಶಿ ಹಾಕಿದರು: 100 ಮೀಟರಿಗೆ 9.55 ಸೆಕೆಂಡ್. ಉಸೇನ್ ಬೋಲ್ಟ್ ದಾಖಲೆ 9.58. ಅಷ್ಟೇ ಸಾಕಾಯ್ತು. ಟ್ವಿಟರ್ ತುಂಬ ಅದೇ ಸುದ್ದಿ. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಟ್ರಯಲ್ಸ್‌ಗೆ ಕರೆಸುವುದಾಗಿ ಹೇಳಿದರು. ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿ ಕೆಲಸ ಮಾಡುತ್ತೆ, ಟ್ರ್ಯಾಕಿನಲ್ಲಿ ಕಾಲ್ಬೆರಳು, ಎರಡೂ ಬೇರೆ ಬೇರೆ ಅಂತ ವಿವರಿಸಿದರು.

ಆ ಇಡೀ ಗದ್ದಲದಲ್ಲಿ ನಿಜವಾದ ವಿಜ್ಞಾನದ ಮಾತಾಡಿದವರು ಗೌಡರೇ. ಉಳಿದವರು ಎರಡು ಗುಂಪಾಗಿದ್ದರು. 'ಬೋಲ್ಟ್‌ಗಿಂತ ಫಾಸ್ಟ್' ಅನ್ನೋ ಗುಂಪು ಒಂದು, 'ಎಳೆದದ್ದು ಕೋಣ ತಾನೇ' ಅಂತ ನಗುವ ಗುಂಪು ಇನ್ನೊಂದು. ಕೇಳಬೇಕಿದ್ದ ಪ್ರಶ್ನೆಗಳು ಬೇರೆಯೇ ಇದ್ದವು. ಗಡಿಯಾರ ಶುರುವಾದದ್ದು ಯಾವ ಕ್ಷಣಕ್ಕೆ? ಹಗ್ಗದ ಮೂಲಕ ಓಟಗಾರನಿಗೆ ಸಿಕ್ಕ ಎಳೆತದ ಬಲ ಎಷ್ಟು? ಕೆಸರು ಕಳೆದುಕೊಂಡ ವೇಗ ಎಷ್ಟು? ಇನ್ನು ಆ ತ್ರೈರಾಶಿಯೇ ತಪ್ಪು. ನಿಂತಲ್ಲಿಂದ ಹೊರಟ ದೇಹ ಪೂರ್ತಿ ವೇಗಕ್ಕೆ ಬರಲು ಸಮಯ ಬೇಕು. 2009ರಲ್ಲಿ ಬರ್ಲಿನ್‌ನಲ್ಲಿ ಬೋಲ್ಟ್ 60ರಿಂದ 80 ಮೀಟರ್ ನಡುವಿನ 20 ಮೀಟರನ್ನು 1.61 ಸೆಕೆಂಡಿನಲ್ಲಿ ದಾಟಿದ್ದರು, ಅಂದರೆ ಗಂಟೆಗೆ ಸುಮಾರು 44.7 ಕಿಲೋಮೀಟರ್. ಆದರೂ ಅವರ ಇಡೀ ಓಟದ ಸರಾಸರಿ ವೇಗ ಗಂಟೆಗೆ 37.6 ಕಿಲೋಮೀಟರ್ ಮಾತ್ರ. ಓಟ ಉದ್ದವಾದಷ್ಟೂ ಪೂರ್ಣ ವೇಗದ ಪಾಲು ಹೆಚ್ಚುತ್ತೆ, ಹಾಗಾಗಿ 142.5 ಮೀಟರಿನ ಸರಾಸರಿಯನ್ನು 100 ಮೀಟರಿಗೆ ಕತ್ತರಿಸಿ ಅಂಟಿಸಲು ಬರೋದಿಲ್ಲ.

ಈ ಪ್ರಶ್ನೆಗಳನ್ನು ಕೇಳುವ, ಉತ್ತರ ಹುಡುಕುವ ವಿಷಯಕ್ಕೆ ಕ್ರೀಡಾ ವಿಜ್ಞಾನ ಮತ್ತು ತಂತ್ರಜ್ಞಾನ ಅಂತ ಹೆಸರು. ಪದಕದ ಲೆಕ್ಕ ಬಂದಾಗ ಮಾತ್ರ ನಮಗೆ ನೆನಪಾಗುವ ವಿಷಯ ಇದು. ನನ್ನ ಪ್ರಕಾರ ಇದು ರಾಜಕೀಯದ ವಿಷಯವೂ ಹೌದು. ಯಾಕಂದರೆ ಇಲ್ಲಿ ಅಳೆಯೋದು ಮನುಷ್ಯರ ದೇಹವನ್ನು, ಮತ್ತು ಆ ಅಳತೆ ಯಾರು ಆಡಬಹುದು, ಯಾರು ಆಡಬಾರದು ಅಂತ ತೀರ್ಮಾನಿಸುತ್ತೆ.

ಏನು ಕಲಿಸುತ್ತಾರೆ?

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ನಾಲ್ಕು ವರ್ಷ ತೊಲೆ, ಗೇರು, ಟರ್ಬೈನುಗಳ ಮೇಲೆ ಬೀಳುವ ಬಲದ ಲೆಕ್ಕ ಮಾಡಿದೆ. ಮನುಷ್ಯರ ಮೊಣಕಾಲಿಗೂ ಇದೇ ಲೆಕ್ಕ ಅನ್ವಯಿಸುತ್ತೆ ಅಂತ ತರಗತಿಯಲ್ಲಿ ಯಾರೂ ಹೇಳಲಿಲ್ಲ. ಕ್ರೀಡಾ ವಿಜ್ಞಾನದ ಒಂದು ಮುಖ್ಯ ಶಾಖೆ ಇರೋದೇ ಅಲ್ಲಿ. ಅದರ ಹೆಸರು ಬಯೋಮೆಕ್ಯಾನಿಕ್ಸ್. ಚರ್ಮದ ಮೇಲೆ ಬೆಳಕು ಪ್ರತಿಫಲಿಸುವ ಪುಟ್ಟ ಗುಂಡುಗಳನ್ನು ಅಂಟಿಸಿ, ಸುತ್ತ ಕ್ಯಾಮೆರಾ ಇಟ್ಟು, ಕೀಲುಗಳು ಎಷ್ಟು ಡಿಗ್ರಿ ಬಾಗಿದವು ಅಂತ ನೋಡ್ತಾರೆ. ನೆಲದಲ್ಲಿ ಹುದುಗಿಸಿದ ಫೋರ್ಸ್ ಪ್ಲೇಟ್ ಪಾದ ನೆಲವನ್ನು ಎಷ್ಟು ಬಲದಿಂದ ಒತ್ತಿತು ಅಂತ ಹೇಳುತ್ತೆ.

ಎರಡನೆಯದು ವ್ಯಾಯಾಮದ ಶರೀರಶಾಸ್ತ್ರ. ಟ್ರೆಡ್‌ಮಿಲ್ ಮೇಲೆ ಮಾಸ್ಕ್ ಹಾಕಿಕೊಂಡು ಓಡುವವರ ಚಿತ್ರ ನೋಡಿರುತ್ತೀರಿ. ದೇಹ ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನೋದನ್ನು ಅಲ್ಲಿ ಅಳೆಯುತ್ತಾರೆ. ಇವುಗಳ ಜೊತೆಗೆ ಪೋಷಣೆ, ಮನಶ್ಶಾಸ್ತ್ರ, ಗಾಯ ಮತ್ತು ಚೇತರಿಕೆ, ಸಂಖ್ಯಾಶಾಸ್ತ್ರ ಇರುತ್ತವೆ. ತಂತ್ರಜ್ಞಾನದ ಕಡೆ ಶೂ, ಬ್ಯಾಟು, ಹೆಲ್ಮೆಟ್, ಸೆನ್ಸರ್, ವಿಡಿಯೊ ವಿಶ್ಲೇಷಣೆ. ಇಂಗ್ಲೆಂಡಿನ ಲಫ್‌ಬರೋ, ಜರ್ಮನಿಯ ಕಲೋನ್ ಕ್ರೀಡಾ ವಿಶ್ವವಿದ್ಯಾಲಯದಂಥ ಕಡೆ ಇವೆಲ್ಲ ಒಂದೇ ಕ್ಯಾಂಪಸ್ಸಿನಲ್ಲಿ ಸಿಗುತ್ತವೆ. ಕೋಚು, ವೈದ್ಯರು, ಎಂಜಿನಿಯರು ಒಂದೇ ಕ್ಯಾಂಟೀನಿನಲ್ಲಿ ಊಟ ಮಾಡೋ ವ್ಯವಸ್ಥೆ ಅದು.

ಹುಟ್ಟಿದ್ದು ಮೈದಾನದಲ್ಲಲ್ಲ

ಈ ವಿಷಯದ ಆರಂಭಕ್ಕೂ ಪದಕಕ್ಕೂ ಸಂಬಂಧ ಕಡಿಮೆ. ಬ್ರಿಟನ್ನಿನ ಎ.ವಿ. ಹಿಲ್ ಅವರಿಗೆ 1922ರ ನೊಬೆಲ್ ಬಂದದ್ದು ಸ್ನಾಯು ಕೆಲಸ ಮಾಡುವಾಗ ಹುಟ್ಟುವ ಶಾಖದ ಅಧ್ಯಯನಕ್ಕೆ. ಓಟಗಾರರೂ ಆಗಿದ್ದ ಅವರು ತಾವೇ ಓಡಿ, ಬಿಟ್ಟ ಉಸಿರನ್ನು ಚೀಲದಲ್ಲಿ ಹಿಡಿದು ಲೆಕ್ಕ ಹಾಕಿದರು. ಆಮ್ಲಜನಕ ಬಳಕೆಗೆ ಒಂದು ಮಿತಿ ಇದೆ ಅನ್ನೋ ಪರಿಕಲ್ಪನೆ ಅಲ್ಲಿಂದ ಬೆಳೆಯಿತು.

ಇನ್ನೊಂದು ಬೇರು ಹಾರ್ವರ್ಡ್‌ನ ಆಯಾಸ ಪ್ರಯೋಗಾಲಯ. 1927ರಿಂದ 1947ರವರೆಗೆ ಅದು ಇದ್ದದ್ದು ಅಲ್ಲಿನ ಬಿಸಿನೆಸ್ ಸ್ಕೂಲಿನ ನೆಲಮಾಳಿಗೆಯಲ್ಲಿ. ಬಿಸಿನೆಸ್ ಸ್ಕೂಲಿಗೂ ಬೆವರಿಗೂ ಏನು ನಂಟು ಅಂತೀರಾ? ಕಾರ್ಖಾನೆಯ ಕಾರ್ಮಿಕರು ಯಾಕೆ ದಣಿಯುತ್ತಾರೆ ಅನ್ನೋದು ಬಂಡವಾಳಕ್ಕೆ ಬೇಕಿದ್ದ ಪ್ರಶ್ನೆ. ಅಲ್ಲಿನ ವಿಜ್ಞಾನಿಗಳು 1932ರಲ್ಲಿ ಹೂವರ್ ಅಣೆಕಟ್ಟೆ ಕಟ್ಟುತ್ತಿದ್ದ ಜಾಗಕ್ಕೂ ಹೋದರು. ಮರುಭೂಮಿಯ ಬಿಸಿಲಲ್ಲಿ ದುಡಿಯುವವರಿಗೆ ಸ್ನಾಯು ಸೆಳೆತ ಬರೋದು ಬೆವರಿನ ಜೊತೆ ಹೋಗುವ ಉಪ್ಪಿನಿಂದ ಅಂತ ತೋರಿಸಿದರು. ಇಂದಿನ ಸ್ಪೋರ್ಟ್ಸ್ ಡ್ರಿಂಕ್ ಬಾಟಲಿಯ ಪೂರ್ವಜರಲ್ಲಿ ಆ ಕೂಲಿಕಾರರೂ ಇದ್ದಾರೆ.

ಅಂದರೆ ಮೊದಲ ದಿನದಿಂದಲೂ ಈ ವಿಜ್ಞಾನಕ್ಕೆ ಎರಡು ಮುಖ. ಅದೇ ಅಳತೆ ದುಡಿಯುವವರ ಜೀವ ಉಳಿಸಬಹುದು, ಅವರಿಂದ ಇನ್ನಷ್ಟು ದುಡಿಸಿಕೊಳ್ಳಲೂಬಹುದು.

ಪ್ರಯೋಗಾಲಯ ಆಟಗಾರರ ಪರ ನಿಂತಾಗ

1995ರ ಬಾಕ್ಸಿಂಗ್ ಡೇ ಟೆಸ್ಟ್. ಮೆಲ್ಬರ್ನ್‌ನಲ್ಲಿ ಅಂಪೈರ್ ಡ್ಯಾರೆಲ್ ಹೇರ್ ಅವರು ಶ್ರೀಲಂಕಾದ ಮುತ್ತಯ್ಯ ಮುರಳೀಧರನ್ ಎಸೆತಗಳನ್ನು ಏಳು ಸಲ ನೋಬಾಲ್ ಅಂದರು. ಕೈ ಬಾಗಿಸಿ ಎಸೆಯುತ್ತಿದ್ದಾರೆ ಅನ್ನೋದು ಆರೋಪ. ಆಗ ಇದ್ದ ಸಾಕ್ಷ್ಯ ಅಂಪೈರ್ ಕಣ್ಣು ಮಾತ್ರ. ಆಮೇಲೆ ಮುರಳಿಯನ್ನು ಪರೀಕ್ಷಿಸಿದ್ದು ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯ ಮತ್ತು ಹಾಂಗ್‌ಕಾಂಗ್‌ನ ಒಂದು ವಿಶ್ವವಿದ್ಯಾಲಯ. ಅವರ ಮೊಣಕೈ ಹುಟ್ಟಿನಿಂದಲೇ ಪೂರ್ತಿ ನೆಟ್ಟಗಾಗೋದಿಲ್ಲ. ಬಾಗಿದ ಕೈ ವೇಗವಾಗಿ ತಿರುಗಿದಾಗ ಅದು ನೆಟ್ಟಗಾದಂತೆ ಕಣ್ಣಿಗೆ ಭ್ರಮೆ ಹುಟ್ಟುತ್ತೆ ಅಂತ ವಿಜ್ಞಾನಿಗಳು ಹೇಳಿದರು.

2004ರಲ್ಲಿ ಅವರ 'ದೂಸ್ರಾ' ಮೇಲೆ ಮತ್ತೆ ದೂರು. ಪ್ರೊಫೆಸರ್ ಬ್ರೂಸ್ ಎಲಿಯಟ್ ಅವರ ತಂಡ ಪರೀಕ್ಷಿಸಿದಾಗ ಮೊಣಕೈ 14 ಡಿಗ್ರಿ ನೆಟ್ಟಗಾಗುತ್ತಿತ್ತು, ತಿದ್ದಿಕೊಂಡ ಮೇಲೆ ಸುಮಾರು 10 ಡಿಗ್ರಿ. ಆಗ ಸ್ಪಿನ್ನರ್‌ಗಳಿಗೆ ಇದ್ದ ಮಿತಿ 5 ಡಿಗ್ರಿ, ವೇಗಿಗಳಿಗೆ 10. ಆದರೆ ಅದೇ ವರ್ಷ ಚಾಂಪಿಯನ್ಸ್ ಟ್ರೋಫಿಯಲ್ಲಿ ಬೌಲರ್‌ಗಳನ್ನು ಹೈಸ್ಪೀಡ್ ಕ್ಯಾಮೆರಾದಲ್ಲಿ ಚಿತ್ರಿಸಿ ನೋಡಿದಾಗ, ಯಾರ ಆ್ಯಕ್ಷನ್ ಮೇಲೂ ಸಂಶಯ ಬರದ ಬೌಲರ್‌ಗಳ ಮೊಣಕೈ ಕೂಡ ಅಷ್ಟಿಷ್ಟು ನೆಟ್ಟಗಾಗುವುದು ಗೊತ್ತಾಯ್ತು. ಹಳೆಯ ಮಿತಿ ಇಟ್ಟುಕೊಂಡರೆ ಬಹುಪಾಲು ಬೌಲರ್‌ಗಳೇ ತಪ್ಪಿತಸ್ಥರು! 2005ರ ಮಾರ್ಚ್‌ನಿಂದ ಐಸಿಸಿ ಎಲ್ಲರಿಗೂ ಒಂದೇ ಮಿತಿ ತಂದಿತು: 15 ಡಿಗ್ರಿ.

ಮುರಳಿ ಬಗ್ಗೆ ನಿಮಗೆ ಬೇರೆ ಅಭಿಪ್ರಾಯ ಇರಬಹುದು, ಇರಲಿ. ಇಲ್ಲಿ ಗಮನಿಸಬೇಕಾದದ್ದು ಬೇರೆ. ಒಬ್ಬನ ದೇಹದ ಮೇಲೆ ಎದ್ದ ಪ್ರಶ್ನೆ ಎಲ್ಲರ ದೇಹದ ಮೇಲಿನ ಪ್ರಶ್ನೆಯಾಯ್ತು, ಎಲ್ಲರನ್ನೂ ಅಳೆದ ಮೇಲೆ ನಿಯಮವೇ ಬದಲಾಯ್ತು. ವಿಧಾನ ಪ್ರಕಟವಾಗಿತ್ತು, ಬೇರೆಯವರು ಪರಿಶೀಲಿಸಬಹುದಿತ್ತು. ಮುಂದೆ 2014ರಲ್ಲಿ ಐಸಿಸಿಗೂ ಆ ವಿಶ್ವವಿದ್ಯಾಲಯಕ್ಕೂ ಸಂಬಂಧ ಹಳಸಿತು. ಪರೀಕ್ಷಾ ವಿಧಾನ ಯಾರದು, ಅದು ಪಾರದರ್ಶಕವಾಗಿದೆಯೇ ಅನ್ನೋದೇ ಜಗಳದ ವಸ್ತು. ವಿಶ್ವವಿದ್ಯಾಲಯ ಆ ಕೆಲಸದಿಂದ ಹೊರಬಂತು. ನಂತರ ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಚೆನ್ನೈನ ಶ್ರೀ ರಾಮಚಂದ್ರ ವಿಶ್ವವಿದ್ಯಾಲಯವೂ ಒಂದು.

ಬಾಗಿಲು ಮುಚ್ಚಿ ಅಳೆದಾಗ

ಈಗ ಇನ್ನೊಂದು ಕತೆ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ತಮಿಳುನಾಡಿನ ಶಾಂತಿ ಸೌಂದರರಾಜನ್ 800 ಮೀಟರ್‌ನಲ್ಲಿ ಬೆಳ್ಳಿ ಗೆದ್ದರು. ಲಿಂಗ ಪರೀಕ್ಷೆಯ ಹೆಸರಿನಲ್ಲಿ ಪದಕ ಕಿತ್ತುಕೊಂಡರು. 2014ರಲ್ಲಿ ಒಡಿಶಾದ 18 ವರ್ಷದ ದ್ಯುತಿ ಚಂದ್ ಅವರನ್ನು ದೇಹದಲ್ಲಿ ಸಹಜವಾಗಿಯೇ ಟೆಸ್ಟೋಸ್ಟಿರೋನ್ ಜಾಸ್ತಿ ಇದೆ ಅಂತ ಕಾಮನ್‌ವೆಲ್ತ್ ಗೇಮ್ಸ್‌ನಿಂದ ಕೈಬಿಟ್ಟರು. ದ್ಯುತಿ ಸುಮ್ಮನಿರಲಿಲ್ಲ. 2015ರ ಜುಲೈನಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಆ ನಿಯಮವನ್ನು ಎರಡು ವರ್ಷ ಅಮಾನತಿನಲ್ಲಿಟ್ಟು, ಹಾರ್ಮೋನಿನಿಂದ ಓಟಕ್ಕೆ ಎಷ್ಟು ಲಾಭ ಅಂತ ಪುರಾವೆ ಕೊಡಿ ಎಂದು ಅಥ್ಲೆಟಿಕ್ಸ್ ಒಕ್ಕೂಟವನ್ನೇ ಕೇಳಿತು.

2017ರಲ್ಲಿ ಒಂದು ಪ್ರಬಂಧ ಬಂತು. ಬರೆದವರು ಒಕ್ಕೂಟದ ಜೊತೆಗೇ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳು. ಹೊರಗಿನ ಮೂವರು ಸಂಶೋಧಕರಿಗೆ ಸಿಕ್ಕದ್ದು ದತ್ತಾಂಶದ ಒಂದು ಭಾಗ ಮಾತ್ರ. ಅದರಲ್ಲೇ ಒಂದೇ ಫಲಿತಾಂಶ ಎರಡೆರಡು ಸಲ ಸೇರಿಕೊಂಡಿರುವಂಥ ದೋಷಗಳು ಕಂಡವು. ಆದರೂ 2018ರಲ್ಲಿ ಹೊಸ ನಿಯಮ ಬಂತು, 400 ಮೀಟರ್‌ನಿಂದ ಒಂದು ಮೈಲಿಯ ಓಟಗಳಿಗೆ. 100, 200 ಮೀಟರ್ ಓಡುವ ದ್ಯುತಿ ತಪ್ಪಿಸಿಕೊಂಡರು, ದಕ್ಷಿಣ ಆಫ್ರಿಕಾದ ಕ್ಯಾಸ್ಟರ್ ಸೆಮೆನ್ಯಾ ಸಿಕ್ಕಿಹಾಕಿಕೊಂಡರು. ಆ ಪ್ರಬಂಧ ಕಾರಣ-ಪರಿಣಾಮವನ್ನು ಸಾಬೀತು ಮಾಡೋದಿಲ್ಲ, ಅದು ಅನ್ವೇಷಣೆಯ ಹಂತದ್ದು ಅಂತ ಪ್ರಕಟಿಸಿದ ಪತ್ರಿಕೆ ತಿದ್ದುಪಡಿ ಹಾಕಿದ್ದು 2021ರಲ್ಲಿ.

ಮಹಿಳೆಯರ ವಿಭಾಗದ ಗಡಿ ಎಲ್ಲಿ ಎಳೆಯಬೇಕು ಅನ್ನೋದು ನಿಜಕ್ಕೂ ಕಷ್ಟದ ಪ್ರಶ್ನೆ, ಸುಲಭದ ಉತ್ತರ ಇಲ್ಲ. ಆದರೆ ನಿಯಮ ಮಾಡುವವರೇ ಪುರಾವೆ ತಯಾರಿಸಿ, ದತ್ತಾಂಶವನ್ನೂ ತಾವೇ ಬಚ್ಚಿಟ್ಟುಕೊಂಡರೆ ಅದನ್ನು ವಿಜ್ಞಾನ ಅಂತ ಕರೆಯೋದು ಹೇಗೆ?

ದುಡ್ಡು ಯಾರದು?

1965ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಮೂತ್ರಪಿಂಡ ತಜ್ಞ ರಾಬರ್ಟ್ ಕೇಡ್ ಅವರಿಗೆ ಒಬ್ಬ ಕೋಚ್ ಕೇಳಿದ್ದು ಸರಳ ಪ್ರಶ್ನೆ: ಆಟ ಮುಗಿದ ಮೇಲೆ ನಮ್ಮ ಹುಡುಗರಿಗೆ ಮೂತ್ರ ಯಾಕೆ ಬರೋದಿಲ್ಲ? ಅದಕ್ಕೆ ಉತ್ತರವಾಗಿ ಹುಟ್ಟಿದ್ದು ಗೇಟೊರೇಡ್. ಅದು ಕೋಟಿಗಟ್ಟಲೆ ದುಡಿಯತೊಡಗಿದಾಗ ವಿಶ್ವವಿದ್ಯಾಲಯ ಮತ್ತು ಕೇಡ್ ತಂಡದ ನಡುವೆ ಮೊಕದ್ದಮೆ ಶುರುವಾಯ್ತು. 1972ರ ರಾಜಿಯಲ್ಲಿ ವಿಶ್ವವಿದ್ಯಾಲಯಕ್ಕೆ ರಾಯಲ್ಟಿಯ ಶೇ 20ರಷ್ಟು ಸಿಕ್ಕಿತು. ಬೆವರು ಸುರಿಸಿದ ಹುಡುಗರ ಪಾಲು ಎಷ್ಟು ಅನ್ನೋದು ಆ ಲೆಕ್ಕದಲ್ಲಿ ಬರಲೇ ಇಲ್ಲ.

ಇತ್ತೀಚಿನ ಉದಾಹರಣೆ ನೈಕಿ ಕಂಪನಿಯ ದಪ್ಪ ಅಟ್ಟೆಯ ಶೂ. ಅದು ಓಟಗಾರರ ಶಕ್ತಿವ್ಯಯವನ್ನು ಸರಾಸರಿ ಶೇ 4ರಷ್ಟು ಉಳಿಸುತ್ತೆ ಅಂತ ತೋರಿಸಿದ್ದು ಕೊಲರಾಡೊ ವಿಶ್ವವಿದ್ಯಾಲಯದ ಪ್ರಯೋಗಾಲಯ, 18 ಓಟಗಾರರ ಮೇಲಿನ ಪರೀಕ್ಷೆಯಲ್ಲಿ. ಹಣ ಕೊಟ್ಟದ್ದು ನೈಕಿ, ಲೇಖಕರಲ್ಲಿ ಕಂಪನಿಯ ನೌಕರರೂ ಇದ್ದರು. ಇದನ್ನು ಪ್ರಬಂಧದಲ್ಲೇ ಹೇಳಿದ್ದರು, ಆಮೇಲೆ ಬೇರೆ ಪ್ರಯೋಗಾಲಯಗಳೂ ಲಾಭ ಇರುವುದನ್ನು ಕಂಡವು. ಹೀಗೆ ಬಹಿರಂಗವಾಗಿದ್ದರಿಂದಲೇ ಚರ್ಚೆ ಸಾಧ್ಯವಾಯ್ತು. 2020ರಲ್ಲಿ ವರ್ಲ್ಡ್ ಅಥ್ಲೆಟಿಕ್ಸ್ ಅಟ್ಟೆ 40 ಮಿಲಿಮೀಟರ್ ಮೀರಬಾರದು, ಗಟ್ಟಿ ತಗಡು ಒಂದಕ್ಕಿಂತ ಹೆಚ್ಚು ಇರಬಾರದು ಅಂತ ನಿಯಮ ತಂದಿತು. ಬರಿಗಾಲಲ್ಲಿ ಓಟ ಕಲಿತ ಹುಡುಗಿಗೂ ದುಬಾರಿ ಶೂ ಹಾಕಿದವರಿಗೂ ನಡುವೆ ಇರುವ ಶೇ 4 ಅಂತರ ಪ್ರತಿಭೆಯದ್ದಲ್ಲ, ಜೇಬಿನದ್ದು.

ಯಾರ ದೇಹ ಲೆಕ್ಕಕ್ಕಿಲ್ಲ?

2014ರಿಂದ 2020ರ ನಡುವೆ ಈ ಕ್ಷೇತ್ರದ ಪ್ರಮುಖ ಪತ್ರಿಕೆಗಳಲ್ಲಿ ಬಂದ ಐದು ಸಾವಿರಕ್ಕೂ ಹೆಚ್ಚು ಪ್ರಬಂಧಗಳನ್ನು 2021ರ ಒಂದು ಅಧ್ಯಯನ ಜಾಲಾಡಿತು. ಪ್ರಯೋಗಕ್ಕೆ ಒಳಗಾದವರಲ್ಲಿ ಮಹಿಳೆಯರು ಶೇ 34. ಬರೀ ಮಹಿಳೆಯರ ಮೇಲೇ ನಡೆದ ಅಧ್ಯಯನಗಳು ಶೇ 6 ಮಾತ್ರ, ಬರೀ ಗಂಡಸರ ಮೇಲೆ ನಡೆದವು ಶೇ 31. ಮುಟ್ಟಿನ ಚಕ್ರದಿಂದ ಲೆಕ್ಕ ಜಟಿಲವಾಗುತ್ತೆ ಅನ್ನೋದು ಹಳೆಯ ನೆಪ. ಆಟಗಾರ್ತಿಗೆ ಕೊಡುವ ತರಬೇತಿಯ ಚಾರ್ಟು ಬಹಳ ಸಲ ಗಂಡಸಿನ ದೇಹ ನೋಡಿ ಬರೆದದ್ದು ಅಂತಾಯ್ತು. ಜಾಗ, ಹವೆ, ಊಟಕ್ಕೂ ಇದೇ ಮಾತು ಅನ್ವಯಿಸುತ್ತೆ. ಯೂರೋಪಿನ ವಿದ್ಯಾರ್ಥಿಗಳ ಮೇಲೆ ಮಾಡಿದ ಪೋಷಣೆಯ ಲೆಕ್ಕ, ಮುದ್ದೆ-ಸಾರು ತಿಂದು ಏಪ್ರಿಲ್ ಬಿಸಿಲಲ್ಲಿ ಓಡುವ ರಾಯಚೂರಿನ ಹುಡುಗಿಗೆ ಹೊಂದುತ್ತಾ? ಹೊಂದಬಹುದು, ಹೊಂದದೆಯೂ ಇರಬಹುದು. ಇಲ್ಲಿ ಅಳೆಯದೆ ಗೊತ್ತಾಗೋದಿಲ್ಲ.

ನಮ್ಮಲ್ಲಿ ಏನಿದೆ?

ಸಂಸ್ಥೆಗಳು ಇಲ್ಲ ಅಂತಿಲ್ಲ. ಗ್ವಾಲಿಯರ್‌ನ ಲಕ್ಷ್ಮೀಬಾಯಿ ಸಂಸ್ಥೆ 1957ರದ್ದು, ಕೋಚ್‌ಗಳನ್ನು ತಯಾರಿಸುವ ಪಟಿಯಾಲದ ಎನ್‌ಐಎಸ್ 1961ರದ್ದು, ಸಾಯ್ 1984ರದ್ದು. ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾಲಯ 2018ರ ಕಾಯ್ದೆಯಿಂದ ಮಣಿಪುರದಲ್ಲಿ ಹುಟ್ಟಿತು. ಐಐಟಿ ಮದ್ರಾಸ್‌ನಲ್ಲಿ ಕ್ರೀಡಾ ವಿಜ್ಞಾನ ಮತ್ತು ಅನಾಲಿಟಿಕ್ಸ್ ಕೇಂದ್ರ ಇದೆ. ಬಾಕ್ಸರ್‌ಗಳ ಹೊಡೆತವನ್ನು ಸೆನ್ಸರ್ ಮೂಲಕ ವಿಶ್ಲೇಷಿಸುವ ವ್ಯವಸ್ಥೆಯನ್ನು ಅವರು ರೂಪಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಜೆಎಸ್‌ಡಬ್ಲ್ಯೂ ಕಂಪನಿ ಕಟ್ಟಿಸಿದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಜೊತೆ.

ತೊಂದರೆ ಇರೋದು ಗೋಡೆಗಳಲ್ಲಿ. ಬಿ.ಪಿ.ಎಡ್ ಶಿಕ್ಷಕರ ತರಬೇತಿಯ ಅಡಿಯಲ್ಲಿ ಬರುತ್ತೆ, ಫಿಸಿಯೋಥೆರಪಿ ಆರೋಗ್ಯ ವಿಜ್ಞಾನದ ಅಡಿಯಲ್ಲಿ, ಸೆನ್ಸರ್ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಹಳ್ಳಿಯ ಪಿಟಿ ಮೇಷ್ಟ್ರಿಗೆ ಮಕ್ಕಳ ಓಟ ಗೊತ್ತು, ಫೋರ್ಸ್ ಪ್ಲೇಟ್ ಗೊತ್ತಿಲ್ಲ. ಎಂಜಿನಿಯರಿಂಗ್ ಹುಡುಗರಿಗೆ ಕೋಡ್ ಗೊತ್ತು, ಮಂಡಿನೋವು ಗೊತ್ತಿಲ್ಲ. ಬೆಂಗಳೂರಿನಲ್ಲಿ ಸಾಯ್‌ನ ದಕ್ಷಿಣ ಕೇಂದ್ರ ಇರೋದು ಜ್ಞಾನಭಾರತಿಯಲ್ಲಿ, ವಿಶ್ವವಿದ್ಯಾಲಯದ ಮಗ್ಗುಲಲ್ಲೇ. ಟೋಕಿಯೊದಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿದ ಮಹಿಳಾ ಹಾಕಿ ತಂಡ ತಯಾರಾದದ್ದು ಅಲ್ಲಿ. ಆ ತಂಡದ ಜೊತೆಗಿದ್ದ ವಿಜ್ಞಾನ ಸಲಹೆಗಾರ ವೇಯ್ನ್ ಲೊಂಬಾರ್ಡ್ ದಕ್ಷಿಣ ಆಫ್ರಿಕಾದವರು. ಹೊರಗಿನವರು ಬರೋದು ತಪ್ಪಲ್ಲ. ಆದರೆ ಅವರ ಕೆಲಸವನ್ನು ಕಲಿತು ಮುಂದುವರಿಸುವವರನ್ನು ತಯಾರು ಮಾಡಬೇಕಾದ್ದು ನಮ್ಮ ವಿಶ್ವವಿದ್ಯಾಲಯಗಳೇ ಅಲ್ವಾ?

ಇನ್ನು ದತ್ತಾಂಶದ ಪ್ರಶ್ನೆ. ಕ್ರೀಡಾ ವಸತಿ ನಿಲಯದ 13 ವರ್ಷದ ಹುಡುಗಿಗೆ ನಾಳೆ ಜಿಪಿಎಸ್ ಅಂಗಿ ತೊಡಿಸುತ್ತಾರೆ ಅಂತಿಟ್ಟುಕೊಳ್ಳಿ. ಅವಳ ಹೃದಯ ಬಡಿತ, ನಿದ್ದೆ, ಮುಟ್ಟಿನ ದಿನಗಳ ದಾಖಲೆ ಯಾರ ಸರ್ವರಿನಲ್ಲಿ ಕೂರುತ್ತೆ? 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ 18ರೊಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಕೇಳುತ್ತೆ, ಸರಿ. ಆದರೆ ಆರೋಗ್ಯದ ದತ್ತಾಂಶವನ್ನು ಪ್ರತ್ಯೇಕ ಸೂಕ್ಷ್ಮ ವರ್ಗ ಅಂತ ಅದು ಗುರುತಿಸೋದಿಲ್ಲ. ಹಾಸ್ಟೆಲ್ ಸೀಟು ಬೇಕಾದ ತಂದೆತಾಯಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕದೆ ಇರಲು ಸಾಧ್ಯವೇ? ವಿಶ್ವವಿದ್ಯಾಲಯದ ಸಂಶೋಧನೆಯಾದರೆ ಕನಿಷ್ಠ ನೈತಿಕ ಸಮಿತಿಯ ಮುಂದೆ ಹೋಗಬೇಕು, ಬೇಡ ಅನ್ನುವ ಹಕ್ಕನ್ನು ಲಿಖಿತವಾಗಿ ಕೊಡಬೇಕು. ಕ್ಲಬ್ಬಿಗೆ, ಕಂಪನಿಗೆ ಆ ಬಂಧನ ಇಲ್ಲ.

ಏನು ಕೇಳಬೇಕು?

ಮುಂದಿನ ಸಲ 'ವಿಜ್ಞಾನಿಗಳ ಪ್ರಕಾರ' ಅಂತ ಕ್ರೀಡೆಯ ಸುದ್ದಿ ಬಂದಾಗ ಐದು ಪ್ರಶ್ನೆ ಕೇಳಿ.

1. ಎಷ್ಟು ಜನರನ್ನು ಅಳೆದರು, ಅವರಲ್ಲಿ ಮಹಿಳೆಯರೆಷ್ಟು?
2. ಯಾವ ಸಾಧನ, ಯಾವ ವಿಧಾನ? ಬೇರೆಯವರು ಮತ್ತೆ ಮಾಡಿ ನೋಡಬಹುದೇ?
3. ದುಡ್ಡು ಕೊಟ್ಟವರು ಯಾರು?
4. ದತ್ತಾಂಶ ಹೊರಗಿನವರಿಗೆ ಸಿಗುತ್ತಾ?
5. ಅಳೆಸಿಕೊಂಡವರಿಗೆ ಫಲಿತಾಂಶ ಹೇಳಿದರಾ, ಬೇಡ ಅನ್ನುವ ಅವಕಾಶ ಇತ್ತಾ?

ಸರ್ಕಾರಕ್ಕೂ ಕೇಳಬೇಕಾದ್ದಿದೆ. ಹೊಸ ಸ್ಟೇಡಿಯಂ ಕಟ್ಟಿದರೆ ಶಂಕುಸ್ಥಾಪನೆಯ ಕಲ್ಲಿನ ಮೇಲೆ ಹೆಸರು ಬರುತ್ತೆ, ಪ್ರಯೋಗಾಲಯ ಕಟ್ಟಿದರೆ ಫಲ ಕಾಣಲು ಹತ್ತು ವರ್ಷ ಬೇಕು. ಅದಕ್ಕೇ ಮೊದಲನೆಯದು ಜಾಸ್ತಿ ಆಗುತ್ತೆ. ರಾಜ್ಯದ ಒಂದೆರಡು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಾದರೂ ದೈಹಿಕ ಶಿಕ್ಷಣ, ವೈದ್ಯಕೀಯ, ಎಂಜಿನಿಯರಿಂಗ್ ಮೂರನ್ನೂ ಸೇರಿಸಿದ ವಿಭಾಗ ಬರಲಿ. ಬಿ.ಪಿ.ಎಡ್ ಪಠ್ಯದಲ್ಲಿ ಮಾಪನ ಮತ್ತು ಸಂಖ್ಯಾಶಾಸ್ತ್ರ ಗಂಭೀರವಾಗಿ ಬರಲಿ, ಅದೂ ಕನ್ನಡದಲ್ಲಿ. ಅಳತೆ ಮೊದಲು ನಡೆಯಬೇಕಾದ್ದು ಕ್ರೀಡಾ ವಸತಿ ನಿಲಯಗಳಲ್ಲಿ. ಅಲ್ಲಿನ ಮಕ್ಕಳಿಗೆ ಗಾಯ ಯಾಕಾಗುತ್ತೆ, ಊಟ ಸಾಲುತ್ತಾ, ಹುಡುಗಿಯರು ಯಾವ ವಯಸ್ಸಿನಲ್ಲಿ ಯಾಕೆ ಆಟ ಬಿಡುತ್ತಾರೆ? ಪದಕದ ಲೆಕ್ಕಕ್ಕಿಂತ ಮೊದಲು ಬರಬೇಕಾದ ಸಂಶೋಧನೆಯ ಪ್ರಶ್ನೆಗಳು ಇವು.

ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದು ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ, ನಿಮ್ಮ ತಾಲ್ಲೂಕಿನ ಪಿಟಿ ಮೇಷ್ಟ್ರನ್ನು ಹೋಗಿ ಮಾತಾಡಿಸಿ. ಅವರ ಬಳಿ ಪ್ರಶ್ನೆಗಳಿವೆ. ನಿಮ್ಮ ಕಾಲೇಜಿನಲ್ಲಿ ಸೆನ್ಸರ್‌ಗಳಿವೆ.